ಹಳೆಯ ಬ್ರೌಸರಿಗಾಗಿ ಪಾಠದ ರಚನೆಯನ್ನು ಬಿಡಬೇಕೆ?

ಬೋಧನಾಭ್ಯಾಸಕ್ಕಾಗಿ ನಮ್ಮ ಪ್ರಶಿಕ್ಷಣಾರ್ಥಿಗಳು ಸಿದ್ಧಪಡಿಸುವ ಬೋಧನೋಪಕರಣಗಳಲ್ಲಿ ಈಗ ಚಾರ್ಟು, ಮಾದರಿ, ಮಿಂಚುಪಟ್ಟಿಗಳ ಜೊತೆಗೆ ವೆಬ್ ಪುಟವೂ ಸೇರಿದೆ. ಒಂದು ಪಾಠಕ್ಕೆ ಒಂದು ಪುಟ. ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋದರೆ ಇಂಟರ್ನೆಟ್ ಇಲ್ಲದ ಶಾಲೆಯಲ್ಲೂ ತೆರೆಯುತ್ತದೆ. ಮಕ್ಕಳ ಮನೆಯ ಮೊಬೈಲಿಗೂ ಕಳಿಸಬಹುದು. ಹತ್ತಿಮತ್ತೂರು, ಸವಣೂರು, ಶಿಗ್ಗಾವಿ, ಹಾನಗಲ್ಲ ಸುತ್ತಿನ ಶಾಲೆಗಳಿಗೆ ಇದು ಅನುಕೂಲದ ಉಪಕರಣವೇ ಸರಿ.

ಈ ಪುಟಗಳನ್ನು ಹೇಗೆ ಬರೆಯಬೇಕು ಎಂಬ ಬಗ್ಗೆ ಮಾತ್ರ ನಮ್ಮಲ್ಲಿ ಒಮ್ಮತವಿಲ್ಲ. ಎಚ್‌ಟಿಎಂಎಲ್ 5ರಲ್ಲಿ ಬಂದ ಹೆಡರ್, ನ್ಯಾವ್, ಆರ್ಟಿಕಲ್, ಸೆಕ್ಷನ್, ಅಸೈಡ್, ಫುಟರ್ ಮೊದಲಾದ ಅರ್ಥಸೂಚಕ ಟ್ಯಾಗುಗಳನ್ನು ಬಳಸಬೇಕೆಂದು ಕೆಲವರು ಹೇಳುತ್ತಾರೆ. ಶಾಲೆಗಳ ಕಂಪ್ಯೂಟರ್ ಕೊಠಡಿಯಲ್ಲಿ ಇನ್ನೂ ವಿಂಡೋಸ್ ಎಕ್ಸ್‌ಪಿ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಇರುವಾಗ ಅವನ್ನು ಬಳಸುವುದು ದುಡುಕು, ಹಳೆಯ ಡಿವ್ ಟ್ಯಾಗೇ ಸಾಕು ಎಂದು ಉಳಿದವರು ಹೇಳುತ್ತಾರೆ. ನಾನು ಮೊದಲನೆಯ ಪಕ್ಷದವನು. ನಾವು ಕೊಡುವ ಮಾದರಿ ಪುಟಗಳಲ್ಲೂ ಅವುಗಳ ಹಿಂದಿರುವ ಫ್ರೇಮ್‌ವರ್ಕುಗಳಲ್ಲೂ ಹೊಸ ಟ್ಯಾಗುಗಳು ಇಂದೇ ಇರಬೇಕು, ಹಳೆಯ ಬ್ರೌಸರಿಗೆ ಓದಲು ಬರುವಷ್ಟು ಪುಟ ಸಿಕ್ಕರೆ ಸಾಕು ಎಂಬುದು ನನ್ನ ವಾದ. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಟ್ಯಾಗ್ ಹೇಳುವುದೇನು?

ಕಪ್ಪುಹಲಗೆಯ ಕೌಶಲವನ್ನು ಸೂಕ್ಷ್ಮಬೋಧನೆಯಲ್ಲಿ ಅಭ್ಯಾಸ ಮಾಡಿದ ಯಾರಿಗೂ ಈ ವಿಷಯ ಹೊಸದಲ್ಲ. ಹಲಗೆಯ ಮೇಲ್ಭಾಗದಲ್ಲಿ ತರಗತಿ, ವಿಷಯ, ಪಾಠದ ಹೆಸರು, ನಡುವೆ ಮುಖ್ಯಾಂಶಗಳು, ಒಂದು ಬದಿಯಲ್ಲಿ ಕಠಿಣ ಪದಗಳು, ಕೊನೆಗೆ ಮನೆಗೆಲಸ. ಎಲ್ಲಿ ಏನಿದೆ ಎಂಬುದು ಮಗುವಿಗೆ ಗೊತ್ತಿರುತ್ತದೆ. ತಡವಾಗಿ ಬಂದ ಮಗು ಕೂಡ ಹಲಗೆ ನೋಡಿ ಪಾಠ ಎಲ್ಲಿಗೆ ಬಂದಿದೆ ಎಂದು ತಿಳಿದುಕೊಳ್ಳುತ್ತದೆ. ಜಾಗ ಮತ್ತು ಅಕ್ಷರದ ಗಾತ್ರದಿಂದ ಕಣ್ಣು ಗ್ರಹಿಸುವ ಈ ವ್ಯವಸ್ಥೆಯನ್ನೇ ಅರ್ಥಸೂಚಕ ಟ್ಯಾಗ್ ಯಂತ್ರಕ್ಕೂ ತಿಳಿಯುವ ಹಾಗೆ ಬರೆದಿಡುತ್ತದೆ.

ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರ ಕುರಿತ ಒಂದು ಪರಿಚಯ ಪಾಠ ಎಂದುಕೊಳ್ಳಿ. ಪಾಠದ ಹೆಸರು ಮತ್ತು ತರಗತಿಯ ವಿವರ ಹೆಡರಿನಲ್ಲಿ. ಪಾಠದ ಭಾಗಗಳಿಗೆ ಹೋಗುವ ಕೊಂಡಿಗಳು ನ್ಯಾವ್‌ನಲ್ಲಿ. ಅವರ ಬದುಕು, ‘ವಿನಾಯಕ’ ಕಾವ್ಯನಾಮದ ಬರವಣಿಗೆ, 1990ರ ಜ್ಞಾನಪೀಠ ಪ್ರಶಸ್ತಿ ಇವೆಲ್ಲ ಆರ್ಟಿಕಲ್‌ನ ಒಳಗೆ, ಒಂದೊಂದಕ್ಕೆ ಒಂದೊಂದು ಸೆಕ್ಷನ್ ಮತ್ತು ಉಪಶೀರ್ಷಿಕೆ. ಶಾಲೆಗಳಲ್ಲಿ ಕನ್ನಡದ ಸ್ಥಾನದ ಬಗ್ಗೆ ವರದಿ ಕೊಟ್ಟ ಗೋಕಾಕ್ ಸಮಿತಿಯ ಸಂಗತಿ ಪಾಠಕ್ಕೆ ಪೂರಕ, ಅದು ಅಸೈಡ್. ಭಾವಚಿತ್ರ ಫಿಗರ್, ಅದರ ಕೆಳಗಿನ ಸಾಲು ಫಿಗ್‌ಕ್ಯಾಪ್ಶನ್. ಇದೇ ಪುಟವನ್ನು ಹತ್ತು ಡಿವ್‌ಗಳಿಂದಲೂ ಕಟ್ಟಬಹುದು, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಡಿವ್ ಎಂದರೆ ‘ಇದೊಂದು ಭಾಗ’ ಎಂದಷ್ಟೇ ಅರ್ಥ. ಯಾವ ಭಾಗ, ಪಾಠದಲ್ಲಿ ಅದರ ಕೆಲಸವೇನು ಎಂಬುದನ್ನು ಅದು ಹೇಳುವುದಿಲ್ಲ.

ಈ ಟ್ಯಾಗುಗಳು ಯಾರದೋ ಕಲ್ಪನೆಯಿಂದ ಉದುರಿದವಲ್ಲ. 2005ರಲ್ಲಿ ಗೂಗಲ್‌ನಲ್ಲಿದ್ದ ಇಯಾನ್ ಹಿಕ್ಸನ್ ನೂರು ಕೋಟಿಗೂ ಮಿಕ್ಕ ವೆಬ್ ಪುಟಗಳನ್ನು ಪರಿಶೀಲಿಸಿದಾಗ, ಜನ ತಮ್ಮ ಡಿವ್‌ಗಳಿಗೆ ಫುಟರ್, ಮೆನು, ಹೆಡರ್, ನ್ಯಾವ್ ಎಂಬಂಥ ಹೆಸರುಗಳನ್ನೇ ಮತ್ತೆ ಮತ್ತೆ ಕೊಡುತ್ತಿದ್ದುದು ಕಂಡಿತು. ಎಲ್ಲರೂ ಬೇರೆ ಬೇರೆಯಾಗಿ ಮಾಡುತ್ತಿದ್ದುದಕ್ಕೆ ಎಚ್‌ಟಿಎಂಎಲ್ 5 ಒಂದೇ ಹೆಸರು ಕೊಟ್ಟಿತು. 2014ರ ಅಕ್ಟೋಬರಿನಲ್ಲಿ ಅದು ಡಬ್ಲ್ಯು3ಸಿಯ ಅಧಿಕೃತ ಶಿಫಾರಸಾಯಿತು. ಇವನ್ನು ಇಂದಿಗೂ ‘ಹೊಸ’ ಟ್ಯಾಗುಗಳು ಎನ್ನುತ್ತೇವಾದರೂ ವಯಸ್ಸಿನಲ್ಲಿ ಅವು ಅಷ್ಟು ಹೊಸವಲ್ಲ.

ಹಳೆಯ ಬ್ರೌಸರ್ ಮಾಡುವುದೇನು?

‘ನಮ್ಮ ಲ್ಯಾಬಿನ ಕಂಪ್ಯೂಟರಿನಾಗ ತೆರೀಬೇಕಲ್ರಿ ಮೊದಲ’ ಎಂದು ಒಂದು ಶಾಲೆಯ ಮಾರ್ಗದರ್ಶಕ ಶಿಕ್ಷಕರು ನಮ್ಮ ಪ್ರಶಿಕ್ಷಣಾರ್ಥಿಗೆ ಹೇಳಿದ್ದರು. ಅವರ ಮಾತು ನ್ಯಾಯವಾದದ್ದು. ತೆರೆಯದ ಉಪಕರಣ ಉಪಕರಣವೇ ಅಲ್ಲ. ಆದ್ದರಿಂದ ಹಳೆಯ ಬ್ರೌಸರಿನಲ್ಲಿ ಆಗುವುದೇನು ಎಂಬುದನ್ನು ಸರಿಯಾಗಿ ತಿಳಿಯಬೇಕು.

ತನಗೆ ಗೊತ್ತಿಲ್ಲದ ಟ್ಯಾಗ್ ಎದುರಾದರೆ ಅದನ್ನು ಬದಿಗಿಟ್ಟು ಒಳಗಿನ ಬರಹವನ್ನು ತೋರಿಸುವುದು ಬ್ರೌಸರುಗಳು ಮೊದಲಿನಿಂದಲೂ ಪಾಲಿಸಿಕೊಂಡು ಬಂದ ನಿಯಮ. ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ಸೆಕ್ಷನ್ ಎಂದರೇನೆಂದು ಗೊತ್ತಿಲ್ಲ, ಆದರೂ ಅದರೊಳಗಿನ ಗೋಕಾಕರ ಪರಿಚಯವನ್ನು ಅದು ತೋರಿಸುತ್ತದೆ. ಕೆಡುವುದು ಅಲಂಕಾರ ಮಾತ್ರ: ಆ ಟ್ಯಾಗಿಗೆ ನಾವು ಕೊಟ್ಟ ಬಣ್ಣ, ಅಂಚು, ಅಗಲ ಅಲ್ಲಿ ಹತ್ತುವುದಿಲ್ಲ. ಇದಕ್ಕೂ ಉಪಾಯ ಸಿಕ್ಕಿತ್ತು. ಜಾವಾಸ್ಕ್ರಿಪ್ಟಿನಲ್ಲಿ ಆ ಹೆಸರಿನ ಟ್ಯಾಗನ್ನು ಒಮ್ಮೆ ಸೃಷ್ಟಿಸಿಬಿಟ್ಟರೆ ಹಳೆಯ ಎಕ್ಸ್‌ಪ್ಲೋರರ್ ಅದನ್ನು ಗುರುತಿಸಿ ಅಲಂಕಾರವನ್ನೂ ಒಪ್ಪಿಕೊಳ್ಳುತ್ತದೆ ಎಂಬುದನ್ನು ಶೋರ್ಡ್ ವಿಸ್ಸರ್ ತೋರಿಸಿದರು. 2009ರಲ್ಲಿ ರೆಮಿ ಶಾರ್ಪ್ ಅದನ್ನು ‘ಎಚ್‌ಟಿಎಂಎಲ್ 5 ಶಿವ್’ ಎಂಬ ಪುಟ್ಟ ಕಡತವಾಗಿ ಹಂಚಿದರು. ಕಂಪ್ಯೂಟರಿನಲ್ಲಿ ಜಾವಾಸ್ಕ್ರಿಪ್ಟ್ ನಿಲ್ಲಿಸಿದ್ದರೆ ಈ ಉಪಾಯ ನಡೆಯುವುದಿಲ್ಲ, ಆಗ ಸಾದಾ ಪುಟ ಉಳಿಯುತ್ತದೆ. ಪಾಠ ಮಾತ್ರ ಉಳಿದೇ ಇರುತ್ತದೆ.

ಇನ್ನೊಂದು ಉದಾಹರಣೆ ನಮ್ಮ ಕೆಲಸಕ್ಕೆ ಹತ್ತಿರವಾದದ್ದು. ಪ್ರಶ್ನೆಯನ್ನು ತೋರಿಸಿ, ಒತ್ತಿದಾಗ ಉತ್ತರ ತೆರೆಯುವಂತೆ ಮಾಡಲು ಡೀಟೇಲ್ಸ್ ಎಂಬ ಟ್ಯಾಗ್ ಇದೆ. ಇಂಟರ್ನೆಟ್ ಎಕ್ಸ್‌ಪ್ಲೋರರಿನ ಯಾವ ಆವೃತ್ತಿಯೂ ಅದನ್ನು ಕಲಿಯಲಿಲ್ಲ. ಅಲ್ಲಿ ಪ್ರಶ್ನೆಯೂ ಉತ್ತರವೂ ಒಟ್ಟಿಗೇ ಕಾಣುತ್ತವೆ. ಮೌಲ್ಯಮಾಪನದ ಹಂತಕ್ಕೆ ಇದು ತೊಡಕು, ಒಪ್ಪುತ್ತೇನೆ. ಅಂಥ ಶಾಲೆಗೆ ಹೋಗುವಾಗ ಉತ್ತರಗಳನ್ನು ಬೇರೆ ಪುಟದಲ್ಲಿಟ್ಟರಾಯಿತು. ದಿನಾಂಕ ತುಂಬುವ ಹೊಸ ಬಗೆಯ ಖಾನೆ ಹಳೆಯ ಬ್ರೌಸರಿನಲ್ಲಿ ಸಾಮಾನ್ಯ ಬರಹದ ಖಾನೆಯಾಗುತ್ತದೆ. ವಿಡಿಯೊ ಟ್ಯಾಗ್ ತಿಳಿಯದಿದ್ದರೆ ಅದರೊಳಗೆ ನಾವು ಬರೆದಿಟ್ಟ ಬದಲಿ ವಾಕ್ಯ ಕಾಣುತ್ತದೆ. ಹೀಗೆ ಹಳೆಯದು ಹಿಂದೆ ಬಿದ್ದರೂ ಬರಹ ಕೈತಪ್ಪದ ಹಾಗೆ ಈ ಟ್ಯಾಗುಗಳನ್ನು ರೂಪಿಸಲಾಗಿದೆ.

ಪುಟ ಕಟ್ಟಲು ಸಿದ್ಧ ಸಾಮಗ್ರಿ ಒದಗಿಸುವ ಫ್ರೇಮ್‌ವರ್ಕುಗಳೂ ಇದೇ ದಾರಿ ಹಿಡಿದವು. ಬೂಟ್‌ಸ್ಟ್ರಾಪ್‌ನ 3ನೆಯ ಆವೃತ್ತಿ 2013ರಲ್ಲಿ ಬಂದಾಗ ಹೊಸ ಟ್ಯಾಗುಗಳನ್ನು ಬಳಸುತ್ತಲೇ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ಶಿವ್ ಕಡತದ ಆಸರೆ ಕೊಟ್ಟಿತು. 2018ರ 4ನೆಯ ಆವೃತ್ತಿ 8 ಮತ್ತು 9ನ್ನು ಕೈಬಿಟ್ಟಿತು. 2021ರ 5ನೆಯ ಆವೃತ್ತಿ ಆ ಬ್ರೌಸರನ್ನೇ ಬಿಟ್ಟಿತು. ಮೈಕ್ರೋಸಾಫ್ಟ್ ತಾನೇ 2014ರ ಏಪ್ರಿಲಿನಲ್ಲಿ ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿತ್ತು. 2022ರ ಜೂನಿನಲ್ಲಿ ಎಕ್ಸ್‌ಪ್ಲೋರರಿಗೆ ವಿದಾಯ ಹೇಳಿತು. ಹೊಸದನ್ನು ಮೊದಲು ಸೇರಿಸಿಕೊಂಡು, ಹಳೆಯದಕ್ಕೆ ಒಂದಷ್ಟು ವರ್ಷ ಆಸರೆ ಕೊಟ್ಟು, ಆಮೇಲೆ ಅದನ್ನು ಬಿಟ್ಟ ಕ್ರಮ ಇದು. ನಮ್ಮ ಶಾಲೆಗಳಿಗೆ ಆಸರೆಯ ಕಾಲ ಇನ್ನೂ ಮುಗಿದಿಲ್ಲ ಎಂದರೆ ಆಸರೆಯನ್ನು ಮುಂದುವರಿಸೋಣ. ಹೊಸ ಟ್ಯಾಗನ್ನೇ ದೂರವಿಡಲು ಅದು ಕಾರಣವಾಗುವುದಿಲ್ಲ.

ಕನ್ನಡ ಕಂಡ ಅನುಭವ

‘ಹಳೆಯ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ’ ಎಂಬ ಮಾತನ್ನು ಕನ್ನಡ ಹಿಂದೆಯೂ ಕೇಳಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೂ ಬರಹ, ನುಡಿ ತಂತ್ರಾಂಶಗಳ ಮೊದಲಿನ ದಿನಗಳಲ್ಲಿ ನಾವು ಬರೆದದ್ದು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸಿದ ಫಾಂಟುಗಳಲ್ಲಿ. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ ಆಗಿತ್ತು. ಆ ತಂತ್ರಾಂಶಗಳಿಂದಲೇ ನಮ್ಮ ಕಚೇರಿ, ಶಾಲೆ, ಮುದ್ರಣಾಲಯಗಳಿಗೆ ಕನ್ನಡ ಬಂತು. ಆದರೆ ಕಣ್ಣಿಗೆ ‘ಕ’ ಎಂದು ಕಂಡದ್ದು ಯಂತ್ರದ ಲೆಕ್ಕದಲ್ಲಿ ಬೇರಾವುದೋ ಚಿಹ್ನೆಯಾಗಿತ್ತು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಹುಡುಕಿದರೆ ಪದ ಸಿಗದು, ಅಕಾರಾದಿಯಾಗಿ ಜೋಡಿಸಲು ಬಾರದು, ಓದಿ ಹೇಳುವ ತಂತ್ರಾಂಶಕ್ಕೆ ಅದು ಕನ್ನಡವೇ ಅಲ್ಲ.

2001ರಲ್ಲಿ ವಿಂಡೋಸ್ ಎಕ್ಸ್‌ಪಿಯ ಜೊತೆಗೆ ತುಂಗಾ ಫಾಂಟ್ ಬಂದಾಗ ಯೂನಿಕೋಡ್ ಕನ್ನಡ ಸಾಮಾನ್ಯ ಕಂಪ್ಯೂಟರಿಗೂ ಬಂದಂತಾಯಿತು. ಹಳೆಯ ವಿಂಡೋಸ್ 98 ಇದ್ದ ಕಡೆ ಅದು ಸರಿಯಾಗಿ ಮೂಡುತ್ತಿರಲಿಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಅಂಥ ದಿನಗಳಲ್ಲೇ ಯೂನಿಕೋಡನ್ನು ಹಿಡಿಯಿತು. ಅಕ್ಷರ ಮೂಡದವರಿಗೆ ಕಂಪ್ಯೂಟರನ್ನು ಹೊಂದಿಸಿಕೊಳ್ಳುವ ವಿಧಾನವನ್ನು ತಿಳಿಸಿತು. ಕಾಯುತ್ತ ಕುಳಿತವರು ಹಳೆಯ ಫಾಂಟಿನಲ್ಲೇ ಪುಟಗಟ್ಟಲೆ ಬರೆಯುತ್ತ ಹೋದರು. ಅಂದಿನ ವಿಕಿಪೀಡಿಯ ಲೇಖನ ಇಂದು ಯಾವ ಮೊಬೈಲಿನಲ್ಲೂ ತೆರೆಯುತ್ತದೆ, ಹುಡುಕಿದರೆ ಸಿಗುತ್ತದೆ. ಅದೇ ವರ್ಷಗಳ ಎಷ್ಟೋ ಪಾಠಟಿಪ್ಪಣಿ, ಪ್ರಶ್ನೆಪತ್ರಿಕೆ, ಸಂಚಿಕೆಗಳು ಇಂದು ಪರಿವರ್ತಕದ ಮೂಲಕ ಹಾಯ್ದು, ಒತ್ತಕ್ಷರ ಕೆಡಿಸಿಕೊಂಡು, ಮತ್ತೆ ಕೈಯಿಂದ ತಿದ್ದಿಸಿಕೊಂಡ ಮೇಲಷ್ಟೇ ಉಪಯೋಗಕ್ಕೆ ಬರುತ್ತವೆ. ಇದು ನಮ್ಮ ಸಿಬ್ಬಂದಿಗೂ ಗೊತ್ತಿರುವ ಶ್ರಮ.

ಡಿವ್‌ಗಳಿಂದ ಕಟ್ಟಿದ ಪಾಠದ ಪುಟವೂ ಅದೇ ಜಾತಿಯದು. ಅಕ್ಷರಗಳು ಈಗ ಯೂನಿಕೋಡಿನಲ್ಲಿವೆ, ಸರಿ. ಆದರೆ ಶೀರ್ಷಿಕೆ ಶೀರ್ಷಿಕೆಯ ಹಾಗೆ ಕಾಣುತ್ತದೆ ಅಷ್ಟೇ, ಯಂತ್ರಕ್ಕೆ ಅದು ದಪ್ಪ ಅಕ್ಷರದ ಇನ್ನೊಂದು ಸಾಲು. ಇಂದು ಅರ್ಥವನ್ನು ಬರೆದಿಡದಿದ್ದರೆ ನಾಳೆ ಯಾರಾದರೂ ಕುಳಿತು ನೂರಾರು ಪುಟಗಳಲ್ಲಿ ಯಾವುದು ಶೀರ್ಷಿಕೆ, ಯಾವುದು ಪ್ರಶ್ನೆ ಎಂದು ಒಂದೊಂದಾಗಿ ಗುರುತು ಹಾಕಬೇಕು.

ನಷ್ಟ ಯಾರಿಗೆ?

ಹಳೆಯ ಬ್ರೌಸರಿನ ಎದುರು ಕುಳಿತ ಮಗುವಿಗೆ ಹೊಸ ಟ್ಯಾಗಿನಿಂದ ತಪ್ಪುವುದು ಒಂದು ಬಣ್ಣ, ಒಂದು ಅಂಚು. ಟ್ಯಾಗನ್ನು ಕೈಬಿಟ್ಟರೆ ಇನ್ನೊಂದು ಮಗುವಿಗೆ ತಪ್ಪುವುದು ಇದಕ್ಕಿಂತ ದೊಡ್ಡದು.

ಮೇಲ್ವಿಚಾರಣೆಗೆ ಹೋಗಿದ್ದ ಒಂದು ಪ್ರೌಢಶಾಲೆಯಲ್ಲಿ ದೃಷ್ಟಿ ಬಹಳ ಕಡಿಮೆಯಿರುವ ವಿದ್ಯಾರ್ಥಿನಿಯೊಬ್ಬಳಿದ್ದಳು. ಮನೆಯಲ್ಲಿ ಅಣ್ಣನ ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಂಡು ನಮ್ಮ ಪ್ರಶಿಕ್ಷಣಾರ್ಥಿ ಕಳಿಸಿದ ಪಾಠದ ಪುಟ ಕೇಳುತ್ತಿದ್ದಳು. ಪುಟ ನೋಡಲು ಅಂದವಾಗಿತ್ತು, ಅಂಕವೂ ಬಂದಿತ್ತು. ಹೇಗಿದೆ ಎಂದು ಕೇಳಿದಾಗ ಅವಳು ಹೇಳಿದ್ದು: ‘ಪಾಠ ಚಲೋ ಐತ್ರಿ ಸರ್. ಪ್ರಶ್ನಿ ಎಲ್ಲಿ ಅದಾವ ಅಂತ ಹುಡುಕೂದ್ರಾಗ ಸಾಕಾಗತೈತ್ರಿ. ಮತ್ತ ಮೊದಲಿಂದ ಕೇಳಬೇಕಾಗತೈತಿ.’ ಆ ಪುಟದಲ್ಲಿ ಒಂದೂ ನಿಜವಾದ ಶೀರ್ಷಿಕೆ ಟ್ಯಾಗ್ ಇರಲಿಲ್ಲ. ಕಣ್ಣಿರುವ ಮಗು ಬೆರಳಿನಿಂದ ಸರಿಸುತ್ತ ‘ಪ್ರಶ್ನೆಗಳು’ ಎಂಬ ಕೆಂಪು ಅಕ್ಷರ ಕಂಡಲ್ಲಿ ನಿಲ್ಲುತ್ತದೆ. ಕಿವಿಯಿಂದ ಓದುವ ಮಗುವಿಗೆ ಪುಟವೆಲ್ಲ ಒಂದೇ ಉದ್ದದ ಓದು.

ಅರ್ಥಸೂಚಕ ಟ್ಯಾಗ್ ಇದ್ದರೆ ಏನಾಗುತ್ತಿತ್ತು? ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರಿನಲ್ಲಿ ಎಚ್ ಕೀಲಿ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹೋಗುತ್ತದೆ. ಡಿ ಒತ್ತಿದರೆ ನ್ಯಾವ್, ಮೇನ್, ಅಸೈಡ್ ಹೀಗೆ ಪುಟದ ಮುಖ್ಯ ಭಾಗಗಳಿಗೆ ಹಾರುತ್ತದೆ. ಟಾಕ್‌ಬ್ಯಾಕ್‌ನಲ್ಲೂ ಶೀರ್ಷಿಕೆಯಿಂದ ಶೀರ್ಷಿಕೆಗೆ ಸರಿಯುವ ಸೌಲಭ್ಯವಿದೆ. ಎನ್‌ವಿಡಿಎಯನ್ನು 2006ರಲ್ಲಿ ಶುರುಮಾಡಿದ ಆಸ್ಟ್ರೇಲಿಯದ ಮೈಕೆಲ್ ಕರನ್, ಅವರ ಜೊತೆಗೂಡಿದ ಜೇಮ್ಸ್ ಟೇ ಇಬ್ಬರೂ ಅಂಧರು. ಸ್ಕ್ರೀನ್ ರೀಡರ್ ಬಳಸುವವರನ್ನು ವೆಬ್‌ಏಮ್ ಸಂಸ್ಥೆ ಕಾಲಕಾಲಕ್ಕೆ ಕೇಳುತ್ತ ಬಂದಿದೆ. ಉದ್ದದ ಪುಟದಲ್ಲಿ ಬೇಕಾದ್ದನ್ನು ಹುಡುಕಲು ಮೊದಲು ಶೀರ್ಷಿಕೆಗಳನ್ನೇ ಹಿಡಿಯುತ್ತೇವೆ ಎನ್ನುವವರು ಮೂರರಲ್ಲಿ ಎರಡು ಪಾಲಿನಷ್ಟು. ಇನ್ನೊಂದು ಚಿಕ್ಕ ಸಂಗತಿ: ಪುಟದ ಮೊದಲ ಟ್ಯಾಗಿನಲ್ಲಿ ಭಾಷೆ ಕನ್ನಡ ಎಂದು ಗುರುತಿಸಿದರೆ, ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯನ್ನು ಬಿಟ್ಟು ಕನ್ನಡ ಧ್ವನಿಯಲ್ಲಿ ಓದಲು ಅನುಕೂಲವಾಗುತ್ತದೆ. ಇದಕ್ಕೆ ಬೇಕಾದದ್ದು ಕೆಲವೇ ಅಕ್ಷರಗಳು, ಯಾವ ಹಳೆಯ ಬ್ರೌಸರೂ ಇದಕ್ಕೆ ತಕರಾರು ಮಾಡುವುದಿಲ್ಲ.

ಕಿವಿಯಿಂದ ಕಲಿಯುವ ಮಕ್ಕಳ ಬಗ್ಗೆ ನಮ್ಮ ಸೀಮೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯರಾಗಿ ಬೆಳೆದ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರೇ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಕೊಟ್ಟು ಬೆಳೆಸಿದರು. ಆ ನೆಲದಲ್ಲಿ ಪಾಠ ಮಾಡುವ ನಾವು ಮಗುವಿನ ಕಿವಿಗೆ ಪಾಠ ಕ್ರಮವಾಗಿ ತಲುಪುತ್ತಿದೆಯೇ ಎಂದು ನೋಡದಿದ್ದರೆ ಹೇಗೆ? 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವೂ ಸಮನ್ವಯ ಶಿಕ್ಷಣವನ್ನು ಹಕ್ಕಿನ ಮಾತಾಗಿಯೇ ಹೇಳುತ್ತದೆ.

ಕೆಲವು ಆಕ್ಷೇಪಣೆಗಳು

ಡಿವ್‌ಗೇ ‘ರೋಲ್’ ಎಂಬ ಗುಣವನ್ನು ಸೇರಿಸಿದರೆ ಅರ್ಥ ತಿಳಿಯುವುದಿಲ್ಲವೇ ಎಂದು ಕಂಪ್ಯೂಟರ್ ಬಲ್ಲ ಗೆಳೆಯರು ಕೇಳುತ್ತಾರೆ. ತಿಳಿಯುತ್ತದೆ. ಏರಿಯಾ ಎಂಬ ಆ ಶಿಷ್ಟತೆಯೂ 2014ರಲ್ಲೇ ಶಿಫಾರಸಾಗಿದೆ, ಹಳೆಯ ಪುಟಗಳನ್ನು ಸರಿಪಡಿಸಲು ಅದು ಒಳ್ಳೆಯ ಸಾಧನ. ಆದರೆ ಅದರ ಬಳಕೆಯ ಮೊದಲ ನಿಯಮವೇ, ಆ ಅರ್ಥದ ಟ್ಯಾಗ್ ಇರುವಲ್ಲಿ ಟ್ಯಾಗನ್ನೇ ಬಳಸಿ ಎಂದು. ಬೋಧನಾಭ್ಯಾಸದ ಗಡಿಬಿಡಿಯಲ್ಲಿ ಪ್ರಶಿಕ್ಷಣಾರ್ಥಿ ಮರೆಯುವುದು ಇಂಥ ಹೆಚ್ಚುವರಿ ಕೆಲಸವನ್ನೇ.

ಎರಡನೆಯದು ಹೊರೆಯ ಮಾತು. ಪಾಠಯೋಜನೆ, ಉಪಕರಣ, ಕ್ರಿಯಾಸಂಶೋಧನೆ, ದಾಖಲೆ ಪುಸ್ತಕಗಳ ನಡುವೆ ಇದನ್ನೂ ಕಲಿಯಬೇಕೆ? ಕಲಿಯಬೇಕಾದದ್ದು ಹತ್ತು ಟ್ಯಾಗುಗಳು. ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂದು ಪಾಠವನ್ನು ಹಂತಗಳಾಗಿ ವಿಂಗಡಿಸಬಲ್ಲವರಿಗೆ ಪುಟವನ್ನು ಸೆಕ್ಷನ್‌ಗಳಾಗಿ ವಿಂಗಡಿಸುವುದು ಕಷ್ಟವಲ್ಲ. ಪಾಠದ ಯಾವ ಭಾಗ ಮುಖ್ಯ, ಯಾವುದು ಪೂರಕ ಎಂದು ನಿರ್ಧರಿಸದೆ ಆರ್ಟಿಕಲ್ ಮತ್ತು ಅಸೈಡ್ ಬರೆಯಲಾಗದು. ಆ ನಿರ್ಧಾರವೇ ಪಾಠಯೋಜನೆಯ ಅರ್ಧ ಕೆಲಸ.

ಮೂರನೆಯ ಮಾತು ಆಕ್ಷೇಪಣೆಯಲ್ಲ, ನನ್ನ ಕಡೆಯಿಂದಲೇ ಒಂದು ಎಚ್ಚರಿಕೆ. ಎಚ್1ರಿಂದ ಎಚ್6ರವರೆಗಿನ ಶೀರ್ಷಿಕೆ ಟ್ಯಾಗುಗಳು ವೆಬ್‌ನ ಮೊದಲ ದಿನಗಳಿಂದ ಇವೆ. ಎಷ್ಟೇ ಹಳೆಯ ಬ್ರೌಸರಿಗೂ ಅವು ಗೊತ್ತು. ನಮ್ಮ ಎಷ್ಟೋ ಪುಟಗಳಲ್ಲಿ ಅವೂ ಇರುವುದಿಲ್ಲ. ಹಾಗಾಗಿ ಹಳೆಯ ಕಂಪ್ಯೂಟರನ್ನು ಅರ್ಧ ವಿಷಯಕ್ಕೆ ಮಾತ್ರ ದೂರಬಹುದು. ಉಳಿದರ್ಧ, ಪುಟ ಅಂದವಾಗಿ ಕಂಡರೆ ಸಾಕೆಂಬ ನಮ್ಮ ಅಭ್ಯಾಸದ್ದು.

ಆಗಬೇಕಾದ್ದು

ಪ್ರಶಿಕ್ಷಣಾರ್ಥಿಗಳು ಪುಟವನ್ನು ಮೊದಲಿನಿಂದ ಬರೆಯುವುದು ವಿರಳ. ಹಿಂದಿನ ವರ್ಷದವರು ಬಿಟ್ಟುಹೋದ ಕಡತವನ್ನು ನಕಲು ಮಾಡಿ ಪಾಠ ಬದಲಿಸುತ್ತಾರೆ. ಆ ಕಡತವೇ ನಮ್ಮ ಕಾಲೇಜಿನ ಫ್ರೇಮ್‌ವರ್ಕ್. ಅದರಲ್ಲಿ ಡಿವ್ ಇದ್ದರೆ ಮುಂದಿನ ಐದು ತಂಡಗಳ ಪಾಠಗಳಲ್ಲೂ ಡಿವ್ ಇರುತ್ತದೆ. ಅದರಲ್ಲಿ ಅರ್ಥಸೂಚಕ ಟ್ಯಾಗ್ ಇದ್ದರೆ, ಅದರ ಬಗ್ಗೆ ಏನೂ ತಿಳಿಯದ ಪ್ರಶಿಕ್ಷಣಾರ್ಥಿಯ ಪುಟವೂ ಸರಿಯಾಗಿರುತ್ತದೆ. ಆದ್ದರಿಂದ ಒಬ್ಬೊಬ್ಬರಿಗೂ ಉಪದೇಶಿಸುವುದಕ್ಕಿಂತ ಮಾದರಿ ಕಡತವನ್ನು ತಿದ್ದುವುದು ಮೊದಲ ಕೆಲಸ. ಹೊಸ ಟ್ಯಾಗುಗಳು, ಕನ್ನಡವೆಂಬ ಭಾಷೆಯ ಗುರುತು, ಹಳೆಯ ಎಕ್ಸ್‌ಪ್ಲೋರರಿಗೆ ಶಿವ್ ಕಡತ, ಇಂಟರ್ನೆಟ್ ಇಲ್ಲದೆಯೂ ನಡೆಯುವಂತೆ ಎಲ್ಲವೂ ಒಂದೇ ಫೋಲ್ಡರಿನಲ್ಲಿ.

ಎರಡನೆಯದಾಗಿ, ಪಾಠ ವೀಕ್ಷಣಾ ನಮೂನೆಯಲ್ಲಿ ಬೋಧನೋಪಕರಣದ ಅಂಕಣದ ಕೆಳಗೆ ಮೂರು ಪ್ರಶ್ನೆ ಸೇರಿಸಬೇಕೆಂದು ಸೂಚಿಸುತ್ತೇನೆ. ಅಲಂಕಾರದ ಕಡತವನ್ನು ತೆಗೆದರೂ ಪಾಠ ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಓದಲು ಬರುತ್ತದೆಯೇ? ಸ್ಕ್ರೀನ್ ರೀಡರಿನಲ್ಲಿ ಶೀರ್ಷಿಕೆಗಳನ್ನು ಹಿಡಿದೇ ಪ್ರಶ್ನೆಗಳವರೆಗೆ ಹೋಗಬಹುದೇ? ಶಾಲೆಯ ಅತ್ಯಂತ ಹಳೆಯ ಕಂಪ್ಯೂಟರಿನಲ್ಲಿ ಬರಹವೆಲ್ಲ ಕಾಣುತ್ತದೆಯೇ? ಮೂರನ್ನೂ ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದು. ಮೂರನೆಯ ಪ್ರಶ್ನೆಯನ್ನು ಸೇರಿಸಿದ್ದು ಮಾರ್ಗದರ್ಶಕ ಶಿಕ್ಷಕರ ಮಾತಿಗೆ ಬೆಲೆ ಕೊಟ್ಟೇ.

ಮುಂದಿನ ಬೋಧನಾಭ್ಯಾಸಕ್ಕೆ ಮುನ್ನ ಮಾದರಿ ಕಡತವನ್ನು ಸಿದ್ಧಪಡಿಸುವ ಕೆಲಸದಲ್ಲಿ ನಾನು ಜೊತೆಗಿರುತ್ತೇನೆ. ಪ್ರಶಿಕ್ಷಣಾರ್ಥಿಗಳಲ್ಲಿ ಇಬ್ಬರು ಮೂವರು ಮುಂದೆ ಬಂದರೆ ಒಂದು ವಾರದಲ್ಲಿ ಮುಗಿಯುವ ಕೆಲಸ ಅದು. ಭಿನ್ನಾಭಿಪ್ರಾಯವಿರುವ ಸಹೋದ್ಯೋಗಿಗಳು ಆ ಕಡತವನ್ನು ತಮಗೆ ಗೊತ್ತಿರುವ ಅತಿ ಹಳೆಯ ಕಂಪ್ಯೂಟರಿನಲ್ಲಿ ತೆರೆದು, ಎಲ್ಲಿ ಬರಹ ಮಾಯವಾಯಿತು ಎಂದು ತೋರಿಸಲಿ. ತೋರಿಸಿದ ಕಡೆ ತಿದ್ದೋಣ.